ತೋಟದಲ್ಲಿ ಸಿಕ್ಕ ಜಿಗಿಹುಳು ಹೊಸ ಜಾತಿನಾ? ಹೆಸರಿಡೋದು ಹೇಗೆ?

ಮೂಡಿಗೆರೆ_ತೋಟ:
ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮಳೆ ಶುರುವಾದ ಮೇಲೆ ರಾತ್ರಿ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಲೈಟ್ ಹಾಕಿ, ಬರುವ ಹುಳುಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ಮೊನ್ನೆ ಒಂದು ಜಿಗಿಹುಳು (ಗಿಡದ ರಸ ಹೀರುವ ಪುಟ್ಟ ಕೀಟ) ಬಂತು. 6 ಮಿ.ಮೀ. ಇರಬಹುದು. ಕಂದು ಮೈ, ರೆಕ್ಕೆಗೆ ತಾಮ್ರದ ಹೊಳಪು, ತಲೆ ಮೇಲೆ ಎರಡು ಕಪ್ಪು ಚುಕ್ಕೆ. ಐನ್ಯಾಚುರಲಿಸ್ಟ್‌ಗೆ ಹಾಕಿದೆ. ಫೋಟೊ ನೋಡಿ ಜೀವಿ ಗುರುತಿಸುವ ಆ ತಾಣದವರು ಕುಟುಂಬದ ಹೆಸರು ಹೇಳಿದರು, ಅದರಿಂದಾಚೆ ಯಾರೂ ಬಾಯಿ ಬಿಡಲಿಲ್ಲ. ಹಾಗಾದರೆ ಇದು ಹೊಸ ಜಾತಿ ಅಲ್ವಾ? ಅಜ್ಜಿ ಹೆಸರು ಇಡಬೇಕು ಅಂತ ನನ್ನ ತಮ್ಮ ಕುಣಿಯುತ್ತಿದ್ದಾನೆ.

ಹುಳದ_ಹಿಂದೆ:
ತಮ್ಮನಿಗೆ ಸ್ವಲ್ಪ ತಡೆಯಲು ಹೇಳಿ :) ನಾನು ಕೃಷಿ ಕೀಟಶಾಸ್ತ್ರ ಓದಿದವಳು, ಜಿಗಿಹುಳುಗಳ ಜೊತೆಗೇ ಏಗುತ್ತಿದ್ದೇನೆ. ಯಾರೂ ಹೆಸರು ಹೇಳಲಿಲ್ಲ ಅಂದರೆ ಹೊಸದು ಅಂತಲ್ಲ. ಫೋಟೊ ನೋಡಿ ಹೇಳಲು ಆಗಲ್ಲ, ಅಷ್ಟೇ. ಜಗತ್ತಿನಲ್ಲಿ ಹೆಸರಿರುವ ಜಿಗಿಹುಳುಗಳೇ 20,000ಕ್ಕೂ ಜಾಸ್ತಿ. ಅದರಲ್ಲಿ ಎಷ್ಟೋ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ.

ಮೊದಲು ಹಿಂಗಾಲು ನೋಡಿ. ಉದ್ದಕ್ಕೂ ಸಾಲಾಗಿ ಮುಳ್ಳುಗಳಿದ್ದರೆ ಜಿಗಿಹುಳು. ತುದಿಯಲ್ಲಿ ಮಾತ್ರ ಮುಳ್ಳಿನ ಗುಂಪು, ಮಧ್ಯೆ ಒಂದೆರಡು ದಪ್ಪ ಮುಳ್ಳು ಇದ್ದರೆ ಅದು ಗಿಡದ ಮೇಲೆ ನೊರೆ ಮಾಡಿಕೊಂಡು ಕೂರುವ ಹುಳುವಿನ ಬಳಗ.

ಆಮೇಲೆ ಗಂಡೋ ಹೆಣ್ಣೋ ನೋಡಬೇಕು. ಹೆಚ್ಚಿನ ಗುಂಪುಗಳಲ್ಲಿ ಬರೀ ಹೆಣ್ಣು ಸಿಕ್ಕರೆ ಕೈಕಟ್ಟಿ ಕೂರಬೇಕಾಗುತ್ತೆ. ಜಾತಿಯ ಗುರುತು ಇರುವುದು ಗಂಡಿನ ಜನನಾಂಗದಲ್ಲಿ. ಹೊಟ್ಟೆಯ ಭಾಗ ಬಿಡಿಸಿ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ (ಗೊಬ್ಬರದ ಪೊಟ್ಯಾಷ್ ಅಲ್ಲ) ಹಾಕುತ್ತೇವೆ. ಒಳಗಿನ ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತೆ. ನೀರಲ್ಲಿ ತೊಳೆದು, ಗುಳಿ ಇರುವ ಗಾಜಿನ ಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಮೆಲ್ಲಗೆ ತಿರುಗಿಸಬೇಕು. ಹೊರಗಿಂದ ಅವಳಿ ಜವಳಿ ಥರ ಇದ್ದ ಎರಡು ಹುಳುಗಳಲ್ಲಿ ಒಂದಕ್ಕೆ ಕೊಕ್ಕೆ ಇರುತ್ತೆ, ಇನ್ನೊಂದಕ್ಕೆ ತುದಿ ಸೀಳಿರುತ್ತೆ. ಅದರ ಚಿತ್ರವನ್ನು ಪಕ್ಕದಿಂದ, ಹಿಂದಿನಿಂದ ಬರೆಯಬೇಕು. ಕೆಲಸ ಮುಗಿದ ಮೇಲೆ ಆ ಚೂರನ್ನು ಪುಟ್ಟ ಸೀಸೆಗೆ ಹಾಕಿ ಅದೇ ಹುಳುವನ್ನು ಚುಚ್ಚಿಟ್ಟ ಸೂಜಿಗೇ ಚುಚ್ಚಿಡುತ್ತೇವೆ. ಬೇರೆ ಕಡೆ ಇಟ್ಟರೆ ಮುಂದೆ ಯಾವುದು ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ.

ಇಷ್ಟಾದ ಮೇಲೆ ನಿಜವಾದ ತಲೆನೋವು: ಇದಕ್ಕೆ ಯಾರಾದರೂ ಹಿಂದೆಯೇ ಹೆಸರಿಟ್ಟಿದ್ದಾರಾ? ನಮ್ಮ ದೇಶದ ತಿಗಣೆ, ಜಿಗಿಹುಳುಗಳಿಗೆ ಬ್ರಿಟಿಷರ ಕಾಲದಲ್ಲಿ ಡಿಸ್ಟಂಟ್ ಅನ್ನುವ ಇಂಗ್ಲಿಷ್ ಕೀಟತಜ್ಞ ಸಾಹೇಬರು ಸಿಕ್ಕಾಪಟ್ಟೆ ಹೆಸರಿಟ್ಟರು. ಅವರ ಸಂಪುಟಗಳು ಬಂದದ್ದು 1902ರಿಂದ 1918ರವರೆಗೆ. ಬಣ್ಣ, ಆಕಾರ ಬರೆದು ಬಿಟ್ಟರು, ಒಳಗೆ ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ. ಅವರು ನೋಡಿದ ಮೂಲ ಹುಳುಗಳು ಲಂಡನ್ನಿನ ಮ್ಯೂಸಿಯಂನಲ್ಲಿವೆ. ನನಗೆ ಅವರ ಮೇಲೆ ಗೌರವಕ್ಕಿಂತ ಸಿಟ್ಟೇ ಜಾಸ್ತಿ!

ಮೂಡಿಗೆರೆ_ತೋಟ:
ಮೇಡಂ, ಓದಿ ಬೆವರು ಬಂತು. ಒಂದೇ ಒಂದು ಹುಳು ಸಿಕ್ಕರೆ ಸಾಕಾ? ಅಜ್ಜಿ ಹೆಸರು ಇಡಬಹುದಾ?

ಹುಳದ_ಹಿಂದೆ:
ನಿಯಮದ ಪ್ರಕಾರ ಒಂದು ಸಾಕು. ಆ ಹುಳುವೇ ಹೆಸರಿನ ಜಾಮೀನುದಾರ, ಹೋಲೋಟೈಪ್ ಅಂತೀವಿ. ಆದರೆ ನಾಲ್ಕಾರು ಸಿಕ್ಕರೆ ಒಂದೇ ಜಾತಿಯೊಳಗೆ ಬಣ್ಣ, ಅಳತೆ ಎಷ್ಟು ಹೆಚ್ಚು ಕಡಿಮೆ ಆಗುತ್ತೆ ಅಂತ ತಿಳಿಯುತ್ತೆ.

ಉಗಾಂಡಾದ ಕಥೆ ಹೇಳ್ತೀನಿ. ಕಿಬಾಲೆ ರಾಷ್ಟ್ರೀಯ ಉದ್ಯಾನದ ಮಳೆಕಾಡಲ್ಲಿ ಆಲ್ವಿನ್ ಹೆಲ್ಡನ್ ಅನ್ನುವ ಕೀಟತಜ್ಞರಿಗೆ 2018ರಲ್ಲಿ ಒಂದು ಜಿಗಿಹುಳು ಸಿಕ್ಕಿತು.  6.5 ಮಿ.ಮೀ. ಉದ್ದ, ಲೋಹದ ಹೊಳಪು, ಮೈತುಂಬ ಸಣ್ಣ ಗುಳಿಗಳು. ಗಂಡಿನ ಅಂಗದ ಒಂದು ಭಾಗ ಎಲೆಯಾಕಾರ. ಈ ಕುಲದ (ಹತ್ತಿರದ ಜಾತಿಗಳ ಗುಂಪು) ಹುಳು ಅದಕ್ಕೆ ಹಿಂದೆ ಕೊನೆಯ ಸಲ ದಾಖಲಾಗಿದ್ದು 1969ರಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ. ಹೊಸದಕ್ಕೆ ಫ್ಲೋಗಿಸ್ ಕಿಬಾಲೆನ್ಸಿಸ್ ಅಂತ ಹೆಸರಿಟ್ಟು ಪ್ರಬಂಧ ಬಂದದ್ದು 2022ರಲ್ಲಿ. ಅದು ಸೇರುವ ಉಪಕುಟುಂಬ ಆಫ್ರಿಕಾದಲ್ಲೂ ಇದೆ, ಏಷ್ಯಾದಲ್ಲೂ ಇದೆ. ಅದರ ಮೇಲೆ 2013ರಲ್ಲಿ ಬಂದ ಪ್ರಬಂಧದ ಮೂವರು ಲೇಖಕರಲ್ಲಿ ನಮ್ಮ ಜಿಕೆವಿಕೆಯ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ಸಿ.ಎ. ವಿರಕ್ತಮಠ ಸರ್ ಒಬ್ಬರು. ಜಿಗಿಹುಳು ಅಂದರೆ ಜಗತ್ತೇ ಬೆಂಗಳೂರಿನ ಕಡೆ ನೋಡುತ್ತೆ ಅಂತ ಸುಮ್ನೆ ಹೇಳಲ್ಲ.

ಅಜ್ಜಿ ಹೆಸರಿಗೆ ಅಡ್ಡಿಯಿಲ್ಲ, ಆದರೆ ಹೆಸರಿಡುವ ಹಕ್ಕು ವಿವರಣೆ ಬರೆದವರದ್ದು. ಚೆನ್ನಾಗಿ ಕೇಳಿಕೊಳ್ಳಿ.

ಕಾನೂನು_ಕಾಕ:
ಒಂದು ಮಾತು ಸೇರಿಸ್ತೀನಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಜಾತಿ ಸಿಕ್ಕರೆ ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿ ಅಲ್ಲಿ ಇಡಬೇಕು. ನಿಮ್ಮ ಅಂಗಳದ ಮಾತು ಬೇರೆ. ಪಕ್ಕದ ರಿಸರ್ವ್ ಫಾರೆಸ್ಟ್‌ಗೆ ಪಂಚೆ ಹೊತ್ತುಕೊಂಡು ಹೋಗಬೇಡಿ, ಅರಣ್ಯ ಇಲಾಖೆ ಅನುಮತಿ ಬೇಕು. ವಿದೇಶದವರು ಕೇಳಿದರು ಅಂತ ಹುಳು ಕೊರಿಯರ್ ಮಾಡುವುದಂತೂ ಬೇಡವೇ ಬೇಡ.

ಮೂಡಿಗೆರೆ_ತೋಟ:
ಸರಿ ಸರ್. ಮೇಡಂ, ಮತ್ತೆ ಬಂದರೆ ಹಿಡಿದು ಏನು ಮಾಡಲಿ? ಮನೆಯಲ್ಲಿ ಸ್ಯಾನಿಟೈಸರ್ ಇದೆ.

ಹುಳದ_ಹಿಂದೆ:
ಅಯ್ಯೋ, ಸ್ಯಾನಿಟೈಸರ್ ಬೇಡ! ಸ್ಪಿರಿಟ್ಟೂ ಬೇಡ, ಬಣ್ಣ ಹೋಗುತ್ತೆ. ಸಣ್ಣ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಡಿ, ಆಮೇಲೆ ಟಿಶ್ಯೂ ಪೇಪರ್ ಮಡಿಕೆಯಲ್ಲಿ ಒಣಗಿಸಿ. ಇರುವೆ ಹತ್ತದ ಹಾಗೆ ನೋಡಿಕೊಳ್ಳಿ. ಊರು, ತಾರೀಖು, ಎತ್ತರ, ದೀಪಕ್ಕೆ ಬಂದದ್ದು ಅಂತ ಚೀಟಿ ಬರೆದು ಜೊತೆಗೇ ಇಡಿ. ಚೀಟಿ ಇಲ್ಲದ ಹುಳು ನನಗೆ ಬೇಡ. ಬೆಳಿಗ್ಗೆ ದೀಪದ ಹತ್ತಿರದ ಗಿಡಗಳನ್ನೂ ತಟ್ಟಿ ನೋಡಿ, ಯಾವುದರ ರಸ ಹೀರುತ್ತೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ. ಗಂಡು ಸಿಕ್ಕರೆ ಇಲ್ಲೇ ಮೆಸೇಜ್ ಹಾಕಿ.