ಬೋರ್ಡಿಗೆ ಪದ ಬೇಕು: ಅಣಬೆಯೋ ನಾಯಿಕೊಡೆಯೋ?

ಎಲ್ಲರಿಗೂ ನಮಸ್ಕಾರ.

ಸೋಮವಾರ ಪೇಂಟರ್ ಬರ್ತಾನೆ, ಪದ ಇನ್ನೂ ತೀರ್ಮಾನ ಆಗಿಲ್ಲ. ಸಂಡೂರು ಗುಡ್ಡದ ಬುಡದಲ್ಲಿರುವ ನಮ್ಮೂರಿಗೆ ಬೋರ್ಡ್. ಮಳೆ ಬಿದ್ದ ಮೇಲೆ ಜನ ಅಣಬೆ ಹುಡುಕಿಕೊಂಡು ಹೋಗುತ್ತಾರೆ. ಗುರುತಿಲ್ಲದ್ದನ್ನು ತಿನ್ನಬೇಡಿ ಅಂತ ಬರೆಸಬೇಕು, ಅಷ್ಟೇ. ಯಾವ ಪದ ಹಾಕೋಣ ಅನ್ನೋದಕ್ಕೆ ನೀವೆಲ್ಲ ಹೇಳಿದ್ದಕ್ಕೆ ನನ್ನ ಉತ್ತರ ಇಲ್ಲಿದೆ.

ಮೇಷ್ಟ್ರು ಸೂಚಿಸಿದ 'ವಿಷಶಿಲೀಂಧ್ರ' ಬೇಡ. ಶಿಲೀಂಧ್ರ ಅಂದರೆ ರೊಟ್ಟಿ ಮೇಲಿನ ಬೂಷ್ಟೂ ಬಂತು, ಬ್ರೆಡ್ಡಿಗೆ ಹಾಕುವ ಯೀಸ್ಟೂ ಬಂತು. ಕುರಿ ಕಾಯುವವರು ಅದನ್ನು ಓದಿ ಏನು ತಿಳಿಯಬೇಕು?

'ತಿನ್ನುವುದು ಅಣಬೆ, ವಿಷದ್ದು ನಾಯಿಕೊಡೆ' ಅನ್ನುವ ವಾದವನ್ನಂತೂ ನಾನು ಒಪ್ಪುವುದೇ ಇಲ್ಲ. ನಮ್ಮೂರಲ್ಲಿ ಒಂದೇ ವಸ್ತುವಿಗೆ ಒಬ್ಬರು ಅಣಬೆ ಅಂತಾರೆ, ಪಕ್ಕದ ಮನೆಯವರು ನಾಯಿಕೊಡೆ ಅಂತಾರೆ. 'ನಾಯಿಕೊಡೆ ತಿನ್ನಬೇಡಿ' ಅಂತ ಬರೆದರೆ, ಕೈಯಲ್ಲಿರುವುದು ಅಣಬೆ ಅಂತ ನಂಬಿದವರು ಬೇಯಿಸಿಯೇ ಬಿಡುತ್ತಾರೆ. ಕೆಲವು ವಿಷದ ಅಣಬೆ ತಿಂದ ಮೇಲೆ 6 ಗಂಟೆಗೂ ಜಾಸ್ತಿ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಕೊನೆಗೆ ಲಿವರ್ ಕೆಡುತ್ತದೆ. ಬೆಳ್ಳಿ ಚಮಚ ಕಪ್ಪಾದರೆ ವಿಷ ಅನ್ನೋದೂ ಸುಳ್ಳು.

ಇನ್ನು ಪುಟ್ಟಗೊಡುಗು, ಅಣಬೆಗೆ ತೆಲುಗಿನವರ ಹೆಸರು: ಪುಟ್ಟ ಅಂದರೆ ಹುತ್ತ, ಗೊಡುಗು ಅಂದರೆ ಕೊಡೆ. 'ತೆಲುಗು, ಬೇಡ' ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಸ್ವಲ್ಪ ತಾಳಿ ಸ್ವಾಮಿ. ಅವರ ಪುಟ್ಟ, ನಮ್ಮ ಹುತ್ತ ಎರಡಕ್ಕೂ ಬೇರು ಒಂದೇ. ಹಳಗನ್ನಡದ ಪುತ್ತು ನಮ್ಮಲ್ಲಿ ಹುತ್ತ ಆಯಿತು. ಗೊಡುಗು, ಕೊಡೆ ಕೂಡ ಹಾಗೇ. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಪದ ಸಾಲ ತಂದೆವು ಅನ್ನುವ ಮಾತು ಯಾಕೆ? ಆ ಹೆಸರಿಟ್ಟವರು ಸರಿಯಾಗಿ ನೋಡಿಯೇ ಇಟ್ಟಿದ್ದಾರೆ. ಗೆದ್ದಲು ಹುತ್ತದೊಳಗೆ ಸಾಕಿಕೊಂಡ ಬೂಷ್ಟೇ ಮಳೆಗೆ ಕೊಡೆಯಾಗಿ ಮೇಲೆ ಬರುತ್ತದೆ. ನಮ್ಮಜ್ಜಿ ತಂದು ಮೊರದಲ್ಲಿ ಹರಡುತ್ತಿದ್ದ ಅಣಬೆಗೆ ಬಾಲದಂಥ ಉದ್ದ ಬೇರು, ತುದಿಗೆ ಕೆಂಪು ಮಣ್ಣು. ಎಳೆದರೆ ತುಂಡಾಗುತ್ತೆ ಅಂತ ಕಡ್ಡಿಯಿಂದ ಸುತ್ತ ಕೆದಕಿ ತೆಗೆಯುತ್ತಿದ್ದಳು. ಅದನ್ನು 'ಹುತ್ತದಣಬೆ' ಅನ್ನೋಣ, ಎರಡೂ ಭಾಷೆಯವರಿಗೆ ತಿಳಿಯುತ್ತದೆ.

ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: 'ಗುರುತು ಗೊತ್ತಿಲ್ಲದ ಅಣಬೆ, ನಾಯಿಕೊಡೆ ಯಾವುದನ್ನೂ ತಿನ್ನಬೇಡಿ.' ಎರಡು ಹೆಸರೂ ಇರಲಿ. ಕೊಪ್ಪಳ, ರಾಯಚೂರು ಕಡೆಯವರು ಬೇರೆ ಹೆಸರು ಬಳಸ್ತೀರಾ? ಇದ್ದರೆ ಭಾನುವಾರ ಸಂಜೆಯೊಳಗೆ ತಿಳಿಸಿ, ಅದನ್ನೂ ಸೇರಿಸ್ತೀನಿ.