ಮೆಲ್ಬರ್ನ್ ಮೆಸೇಜು, ಮುರುಡೇಶ್ವರದ ವ್ಯಾನು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು 'ಅಂಗಳ'. ಕಳೆದ ವಾರ ರಾತ್ರಿ ಒಂಬತ್ತರ ಸುಮಾರಿಗೆ ಚಿಕ್ಕಪ್ಪ ಅದರಲ್ಲಿ ಒಂದು ಮೆಸೇಜು ಹಾಕಿದರು. ಮೇಲೆ ಜೋಡಿ ಬಾಣ, ಅಂದರೆ ಊರೆಲ್ಲ ಸುತ್ತಿ ಬಂದದ್ದು. ಕೆಳಗೆ ಸಾಲಾಗಿ ಕೆಂಪು ಸೈರನ್.

"ಆಸ್ಟ್ರೇಲಿಯಾಕ್ಕೆ ಹೋಗುವವರೇ ಎಚ್ಚರ!! ಮೆಲ್ಬರ್ನ್ ಹತ್ತಿರ ಸಮುದ್ರದಲ್ಲಿ ನಿಂತಿರುವ ಟ್ವೆಲ್ವ್ ಅಪಾಸಲ್ಸ್ ಎಂಬ 12 ಬಂಡೆಗಳಲ್ಲಿ 4 ಕುಸಿದು ಬಿದ್ದಿವೆ. ಉಳಿದವು ಯಾವ ಕ್ಷಣದಲ್ಲೂ ಬೀಳಬಹುದು. ಅಲ್ಲಿಗೆ ಹೋಗುವ ರಸ್ತೆ ಕೈದಿಗಳು ಕಡಿದದ್ದು. ಆ ಸಮುದ್ರದಲ್ಲಿ ಈಜಲು ಹೋದ ಆ ದೇಶದ ಪ್ರಧಾನಿಯೇ ವಾಪಸ್ ಬರಲಿಲ್ಲ, ಹೆಣವೂ ಸಿಗಲಿಲ್ಲ!! ಊರಿನಲ್ಲಿ ಎಲ್ಲ ಟ್ರಾಮೂ ಫ್ರೀ, ಟಿಕೆಟ್ ಬೇಡ. ಪೆಂಗ್ವಿನ್ ಫೋಟೋ ತೆಗೆದರೆ ಜೈಲು. ನಿಮ್ಮವರಿಗೆಲ್ಲ ತಿಳಿಸಿ."

ಇದು ಯಾರಿಗೆ ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಮೈಸೂರಿನ ಅತ್ತೆ, ಮಾವ ಡಿಸೆಂಬರ್ ಮಧ್ಯದಲ್ಲಿ ಮೆಲ್ಬರ್ನಿಗೆ ಹೊರಟಿದ್ದಾರೆ, ಮಗ ಪ್ರಸನ್ನನ ಮನೆಗೆ. ಆ ವಿಷಯ ತಿಳಿದಾಗಿನಿಂದ ಚಿಕ್ಕಪ್ಪನಿಗೆ ಒಂದಲ್ಲ ಒಂದು ಚಿಂತೆ. ಮೊದಲು ಹಾವು, ಆಮೇಲೆ ಜೇಡ, ಈಗ ಸಮುದ್ರ.

ಅತ್ತೆ: ಅಯ್ಯೋ, ಪ್ರಸನ್ನ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನಲ್ಲ! ಬಂಡೆ ಬೀಳುತ್ತಾ?

ಗಿರಿ: ಚಿಕ್ಕಪ್ಪ, ಮೂಲ ಎಲ್ಲಿ?

ಗಿರಿ ದೊಡ್ಡಪ್ಪನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸತ್ಯನಾರಾಯಣ ಪೂಜೆಯ ಆಮಂತ್ರಣ ಹಾಕಿದರೂ ಮೂಲ ಕೇಳುವವನು.

ಚಿಕ್ಕಪ್ಪ: ಬ್ಯಾಂಕಿನ ನಿವೃತ್ತ ಮ್ಯಾನೇಜರ್ ಒಬ್ಬರು ಕಳಿಸಿದ್ದು. ಸುಮ್ನೆ ಕಳಿಸುವವರಲ್ಲ.

ಗಿರಿ: ಮ್ಯಾನೇಜರ್ ಅಂದರೆ ಮೂಲ ಅಲ್ಲ. 12ರಲ್ಲಿ 4 ಬಿದ್ದದ್ದು ಹಳೇ ಸುದ್ದಿ, ಇರಲಿ. ಆದರೆ ಪ್ರಧಾನಿ ಈಜಲು ಹೋಗಿ ಮಾಯ? ಸೆಕ್ಯುರಿಟಿ ಇರಲ್ವಾ? ದೇಶಕ್ಕೆ ದೇಶವೇ ಹುಡುಕಲ್ವಾ? ಇಂಥದ್ದನ್ನೆಲ್ಲ ನಂಬುವವರಿಗೆ ಏನು ಹೇಳಬೇಕೋ.

ಚಿಕ್ಕಪ್ಪ: ಎರಡು ಸಾವಿರದ ನೋಟು ವಾಪಸ್ ತಗೋತಾರೆ ಅಂತ ನಾನು ಹಾಕಿದಾಗಲೂ ನೀನು ಹೀಗೇ ನಕ್ಕಿದ್ದೆ. 2023ರಲ್ಲಿ ಏನಾಯ್ತು?

ಈ ನೋಟಿನ ವಿಷಯ ಬಂದರೆ ಗಿರಿ ಐದು ನಿಮಿಷ ತೆಪ್ಪಗಾಗುತ್ತಾನೆ. ಅಷ್ಟರಲ್ಲಿ ದೊಡ್ಡಪ್ಪ ಟೈಪ್ ಮಾಡಲು ಶುರು ಮಾಡಿದ್ದರು. ದೊಡ್ಡಪ್ಪ ಸಾಗರದ ಕಡೆಯ ಹೈಸ್ಕೂಲಿನಲ್ಲಿ ಹೆಡ್ ಮಾಸ್ಟರ್ ಆಗಿದ್ದವರು. ಅವರ ಮೆಸೇಜು ಬರುವುದು ನಿಧಾನ, ಆದರೆ ಒಂದು ಕಾಗುಣಿತದ ತಪ್ಪು ಇರುವುದಿಲ್ಲ.

ದೊಡ್ಡಪ್ಪ: ಎಲ್ಲರಿಗೂ ಶುಭ ಸಂಜೆ. ಪ್ರಕೃತಿಯ ಮುಂದೆ ಮನುಷ್ಯ ವಿನಯದಿಂದ ಇರಬೇಕು. ಸಮುದ್ರವನ್ನು ದೂರದಿಂದ ನಮಸ್ಕರಿಸಬೇಕು, ಸೆಲ್ಫಿಗಾಗಿ ಅದರ ಬಾಯಿಗೆ ಹೋಗಬಾರದು. ಇನ್ನೊಂದು ಮಾತು. ದೂರದ ಬೆಟ್ಟ ನುಣ್ಣಗೆ. ಕೂಗಳತೆಯಲ್ಲಿರುವ ಜೋಗವನ್ನು ಈ ಮಳೆಗಾಲದಲ್ಲಿ ಎಷ್ಟು ಜನ ನೋಡಿದಿರಿ?

ಯಾರೂ ಉತ್ತರ ಕೊಡಲಿಲ್ಲ. ಕೈಮುಗಿದ ಚಿಹ್ನೆಗಳು ಮಾತ್ರ ಬಂದವು. ಜೋಗ ಅನ್ನುವ ಪದ ಬಿದ್ದದ್ದೇ ತಡ, ಹುಬ್ಬಳ್ಳಿಯಿಂದ ವಿನುತಕ್ಕ ಬಂದಳು.

ವಿನುತಕ್ಕ: ಜೋಗ ಅಂದರೆ ನೆನಪಾಯ್ತು!! ಆವತ್ತು ಮುರುಡೇಶ್ವರಕ್ಕೆ ಮೆಟಡಾರ್ ಮಾಡಿಕೊಂಡು ಹೋದದ್ದು ಆ ದಾರಿಯಲ್ಲೇ ಅಲ್ವಾ? ಗೇರುಸೊಪ್ಪೆ ಘಾಟಿಯಲ್ಲಿ ಪ್ರಸನ್ನ ವಾಂತಿ ಮಾಡಿದ್ದು ಅಜ್ಜಿಯ ಹೊಸ ಸೀರೆಯ ಮೇಲೆ. ಆಗ ದೊಡ್ಡ ಶಿವನ ಮೂರ್ತಿ ಇರಲಿಲ್ಲ. ಮರಳಿನ ಮೇಲೆ ಕೂತು ಪುಳಿಯೋಗರೆ ತಿಂದದ್ದು, ಪ್ರತಿ ತುತ್ತಿಗೂ ಕರಕರ ಮರಳು. ಎಂಥಾ ದಿನಗಳು!

ಚಿಕ್ಕಪ್ಪ: ನಾನು ಬಂದಿರಲಿಲ್ಲ.

ವಿನುತಕ್ಕ: ಹೌದಾ? ಫೋಟೋದಲ್ಲಿ ನೀವೂ ಇದ್ದ ಹಾಗೆ ನೆನಪು ಚಿಕ್ಕಪ್ಪ.

ಚಿಕ್ಕಪ್ಪ: ಫೋಟೋದಲ್ಲಿ ಹೇಗಿರುತ್ತೇನೆ? ಅಂಗಳದ ತುಂಬ ಅಡಿಕೆ ಹರವಿತ್ತು. ಕಾಯಲು ಒಬ್ಬರು ಬೇಕು ಅಂತ ನನ್ನನ್ನು ಬಿಟ್ಟು ಹೋದಿರಿ. ವ್ಯಾನಿನಲ್ಲಿ ಜಾಗ ಇಲ್ಲ ಅಂದರು. ಅಕ್ಕನ ಮನೆಯವರ ಪಕ್ಕದ ಮನೆ ಹುಡುಗನಿಗೆ ಜಾಗ ಇತ್ತು.

ಇದಕ್ಕೆ ಎಷ್ಟು ವರ್ಷ ಆಯಿತು ಅಂತ ಲೆಕ್ಕ ಹಾಕಲು ಹೋಗಬಾರದು. ನಮ್ಮ ಕಡೆ ಅಡಿಕೆಯ ಸಿಟ್ಟು ಅಡಿಕೆಯಷ್ಟೇ ಗಟ್ಟಿ.

ಅತ್ತೆ: ಆ ಹುಡುಗನನ್ನು ಕರೆದದ್ದು ನಾನಲ್ಲ, ದೊಡ್ಡ ಅಣ್ಣಯ್ಯನೇ.

ದೊಡ್ಡಪ್ಪ: ನಾನು ಶಾಲೆಯ ಪರೀಕ್ಷೆಯ ಕೆಲಸದಲ್ಲಿದ್ದೆ. ಪ್ರಯಾಣದ ವ್ಯವಸ್ಥೆ ನನ್ನದಾಗಿರಲಿಲ್ಲ.

ಅಮ್ಮ: ಎಲ್ಲರದ್ದೂ ಊಟ ಆಯ್ತಾ?

ಅಮ್ಮ ಗುಂಪಿನ ಅಡ್ಮಿನ್. ಜಗಳ ನಿಲ್ಲಿಸಲು ಅವಳಿಗೆ ಗೊತ್ತಿರುವ ದಾರಿ ಇದೊಂದೇ. ಊಟ ಎಲ್ಲರದ್ದೂ ಆಗಿತ್ತು, ಹಾಗಾಗಿ ಜಗಳಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಮೆಲ್ಬರ್ನಿನಲ್ಲಿರುವ ಒಬ್ಬನೇ ಒಬ್ಬನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಪ್ರಯೋಜನ ಇರಲಿಲ್ಲ. ಡಿಸೆಂಬರಿನಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಒಂಬತ್ತು ಅಂದರೆ ಅವನಿಗೆ ನಡುರಾತ್ರಿ ಎರಡೂವರೆ.

ಆಗ ಮಾವ ಬರೆದರು. ಮಾವ ಗುಂಪಿನಲ್ಲಿ ಬರೆಯುವುದೇ ಅಪರೂಪ.

ಮಾವ: ಮೆಲ್ಬರ್ನಿನಲ್ಲಿ ನನಗೆ ಗೊತ್ತಿರುವ 12 ಅಂದರೆ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್, ನಮ್ಮ ಚಂದ್ರನ 12 ವಿಕೆಟ್. ಒಂದು ಇನಿಂಗ್ಸಿನಲ್ಲಿ 52ಕ್ಕೆ 6, ಇನ್ನೊಂದರಲ್ಲೂ 52ಕ್ಕೆ 6. 1978ರ ಜನವರಿಯಲ್ಲಿ ಮುಗಿದ ಟೆಸ್ಟು. ಆಸ್ಟ್ರೇಲಿಯಾದಲ್ಲಿ ನಮ್ಮವರು ಗೆದ್ದ ಮೊದಲ ಟೆಸ್ಟು ಅದು. ಪೋಲಿಯೋ ಆದ ಕೈಯಲ್ಲಿ ಎಸೆದದ್ದು, ನಮ್ಮ ಮೈಸೂರಿನಲ್ಲಿ ಹುಟ್ಟಿದ ಹುಡುಗ. ಅದನ್ನು ಯಾವ ಸಮುದ್ರವೂ ತಿನ್ನುವುದಿಲ್ಲ. ನನಗೆ 26ನೇ ತಾರೀಕು ಎಂಸಿಜಿ ಕ್ರಿಕೆಟ್ ಮೈದಾನದಲ್ಲಿ ಒಂದು ಸೀಟು ಸಾಕು. ಬಂಡೆ ನೀವೇ ನೋಡಿಕೊಳ್ಳಿ.

ಮಗನಿಗೆ ಚಂದ್ರನ ಜೊತೆಗಾರ ಸ್ಪಿನ್ನರ್ ಪ್ರಸನ್ನನ ಹೆಸರು ಯಾಕಿಟ್ಟರು ಅಂತ ಬೇರೆ ಹೇಳಬೇಕಾಗಿಲ್ಲ. ಆ ಇಡೀ ರಾತ್ರಿ ಬಂದ ಮೆಸೇಜುಗಳಲ್ಲಿ ಪೂರ್ತಿ ಸರಿಯಾದದ್ದು ಇದೊಂದೇ. ಅದಕ್ಕೆ ಒಂದೇ ಒಂದು ಲೈಕು, ಅದೂ ನನ್ನದು.

ಗಿರಿ ಹತ್ತೂವರೆಗೆ ವಾಪಸ್ ಬಂದ. ಪ್ರಧಾನಿಯ ಕಥೆಯನ್ನು ಹಿಡಿದುಕೊಂಡು ನಾಲ್ಕು ಮೆಸೇಜು ಹಾಕಿದ. ಇಂಥ ಸುಳ್ಳು ಹಂಚುವುದರಿಂದ ಸಮಾಜ ಹೇಗೆ ಕೆಡುತ್ತದೆ ಅಂತ ಎರಡು, ಚಿಕ್ಕಪ್ಪನ ಹಳೇ ಫಾರ್ವರ್ಡುಗಳ ಪಟ್ಟಿ ಎರಡು. ಬಾಳೆಹಣ್ಣು ಮತ್ತು ಮೊಟ್ಟೆ ಒಟ್ಟಿಗೆ ತಿಂದು ಸತ್ತವನ ಕಥೆಯೂ ಅದರಲ್ಲಿತ್ತು. ಚಿಕ್ಕಪ್ಪ ಒಂದು ಸಾಲು ಬರೆದು ಫೋನು ಇಟ್ಟರು. "ಆಯ್ತಪ್ಪ, ನೀವೆಲ್ಲ ಓದಿದವರು. ನಾವು ಅಡಿಕೆ ಕಾಯುವವರು."

ಬೆಳಗ್ಗೆ ಎದ್ದು ನೋಡಿದರೆ ಪ್ರಸನ್ನನ ಉದ್ದದ ಮೆಸೇಜು ಕಾಯುತ್ತಿತ್ತು. ನೂರಕ್ಕೂ ಹೆಚ್ಚು ಮೆಸೇಜು ಓದಿ, ಆಫೀಸಿಗೆ ಹೋಗುವ ರೈಲಿನಲ್ಲಿ ಕೂತು ಬರೆದದ್ದು.

ಪ್ರಸನ್ನ: ಎಲ್ಲರಿಗೂ ನಮಸ್ಕಾರ. ಮೊದಲು ಬಂಡೆ ವಿಷಯ. ಅವು 12 ಯಾವತ್ತೂ ಇರಲಿಲ್ಲ. ಹೆಸರು ಮಾತ್ರ 12. ಇದ್ದದ್ದು 9, 2005ರ ಜುಲೈಯಲ್ಲಿ ಒಂದು ಕುಸಿಯಿತು, ಈಗ 8. ಸುಣ್ಣಕಲ್ಲು, ಅಲೆ ಬುಡ ಕೊರೆಯುತ್ತಲೇ ಇರುತ್ತದೆ. ನಾವು ನೋಡುವುದು ಮೇಲಿನಿಂದ, ಕಟಕಟೆಯ ಈಚೆ ನಿಂತು. ತಲೆಯ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ರಸ್ತೆ ಕೈದಿಗಳು ಮಾಡಿದ್ದಲ್ಲ. ಮೊದಲನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು 1919ರಲ್ಲಿ ಶುರು ಮಾಡಿ 1932ರಲ್ಲಿ ಮುಗಿಸಿದರು, ಹೆಚ್ಚಾಗಿ ಗುದ್ದಲಿ, ಹಾರೆ ಹಿಡಿದು. ಸತ್ತ ಜೊತೆಗಾರರ ನೆನಪಿಗೆ ಅಂತ ಮಾಡಿದ ರಸ್ತೆ. ಸುಮಾರು 240 ಕಿಲೋಮೀಟರ್, ಗ್ರೇಟ್ ಓಷನ್ ರೋಡ್ ಅನ್ನುತ್ತಾರೆ. ದಾರಿಯಲ್ಲಿ ಮರದ ದೊಡ್ಡ ಕಮಾನಿದೆ, ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆ ರಸ್ತೆಯ ಕಥೆ ಕೇಳುವವರು ಕಡಿಮೆ. ತಿರುವು ಜಾಸ್ತಿ. ವಿನುತಕ್ಕ, ವಾಂತಿ ಮಾಡಿದ್ದು ನಾನಲ್ಲ, ಗಿರಿ.

ಪ್ರಧಾನಿ ವಿಷಯ ನಿಜ. ಹೆರಾಲ್ಡ್ ಹೋಲ್ಟ್ ಅಂತ ಹೆಸರು. 1967ರ ಡಿಸೆಂಬರ್ 17ರಂದು ಚೆವಿಯಟ್ ಬೀಚಿನಲ್ಲಿ ಈಜಲು ಇಳಿದವರು ಮತ್ತೆ ಕಾಣಲಿಲ್ಲ. ಭಾರೀ ಹುಡುಕಾಟ ನಡೆಯಿತು, ಹೆಣ ಸಿಗಲೇ ಇಲ್ಲ. ಚೀನಾದ ಸಬ್‌ಮೆರಿನ್ ಬಂದು ಒಯ್ದಿತು ಅನ್ನುವ ಪುಕಾರೂ ಇತ್ತು, ಅದು ಬರೀ ಪುಕಾರು. ಆ ಬೀಚು ಈ ರಸ್ತೆಯಲ್ಲಿ ಇಲ್ಲ, ಕೊಲ್ಲಿಯ ಆಚೆ ಬದಿಯಲ್ಲಿದೆ. ಮೆಲ್ಬರ್ನಿನಲ್ಲಿ ಒಂದು ಈಜುಕೊಳಕ್ಕೆ ಅವರ ಹೆಸರಿಟ್ಟಿದ್ದಾರೆ.

ಅತ್ತೆ: ಮುಳುಗಿ ಹೋದವರ ಹೆಸರು ಈಜುಕೊಳಕ್ಕಾ?

ಪ್ರಸನ್ನ: ಹೌದಮ್ಮ. ನಮ್ಮ ಆಫೀಸಿನಲ್ಲೂ ಅದನ್ನು ಹೇಳಿಯೇ ನಗುತ್ತಾರೆ.

ಎಲ್ಲಕ್ಕಿಂತ ನಂಬಲು ಕಷ್ಟವಾದದ್ದು ನಿಜವಾಗಿತ್ತು. ಯಾರೂ ಪ್ರಶ್ನೆ ಮಾಡದ 12 ಸುಳ್ಳಾಗಿತ್ತು. ಗಿರಿ ಕೂಡ '12ರಲ್ಲಿ 4, ಇರಲಿ' ಅಂತ ದಾಟಿಸಿದ್ದ. ಇದನ್ನು ನಾನು ಗುಂಪಿನಲ್ಲಿ ಬರೆಯೋಣ ಅಂದುಕೊಂಡೆ. ಆದರೆ ಚರ್ಚೆ ಆಗಲೇ ವಾಂತಿಗೆ ತಿರುಗಿತ್ತು.

ಗಿರಿ: ವಾಂತಿ ಮಾಡಿದ್ದು ನಾನಾ? ಮೂಲ ಏನು?

ವಿನುತಕ್ಕ: ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರು.

ಚಿಕ್ಕಪ್ಪ: ಪ್ರಧಾನಿ ವಿಷಯ ಯಾರೋ ಸುಳ್ಳು ಅಂದಿದ್ದರು. ಅವರು ಎಲ್ಲಿ?

ಗಿರಿ ಒಂದು ಲಿಂಕ್ ಹಾಕಿದ. ಹೆರಾಲ್ಡ್ ಹೋಲ್ಟ್ ಬಗ್ಗೆಯೇ. ಜೊತೆಗೆ ಒಂದು ಮಾತೂ ಇಲ್ಲ. ಅವನ ಮಟ್ಟಿಗೆ ಅದೇ ಕ್ಷಮಾಪಣೆ. ಚಿಕ್ಕಪ್ಪ ಅದನ್ನು ಒಪ್ಪಲಿಲ್ಲ. ಅರ್ಧ ಗಂಟೆ ಬಿಟ್ಟು ತಾವೇ ಹುಡುಕಿ ಇನ್ನೊಂದು ತಂದರು. ಅದೇ ಕರಾವಳಿಯಲ್ಲಿ ಲಂಡನ್ ಬ್ರಿಡ್ಜ್ ಅನ್ನುವ ಕಲ್ಲಿನ ಸೇತುವೆ ಇತ್ತಂತೆ, ಸಮುದ್ರವೇ ಕೊರೆದದ್ದು. 1990ರ ಜನವರಿಯಲ್ಲಿ ದಡದ ಕಡೆಯ ಭಾಗ ಕುಸಿಯಿತು. ತುದಿಯಲ್ಲಿ ಇಬ್ಬರು ಸಿಕ್ಕಿಕೊಂಡರು, ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಇಷ್ಟನ್ನೂ ಬರೆದು ಕೊನೆಗೆ "ಮೂಲ ಬೇಕಾದವರು ಕೇಳಿ, ಕೊಡುತ್ತೇನೆ" ಅಂದರು. ಯಾರೂ ಕೇಳಲಿಲ್ಲ. ಪ್ರಸನ್ನ ಮಾತ್ರ "ನಿಜ ಮಾವ, ಉಳಿದ ಭಾಗ ಈಗಲೂ ಇದೆ, ಅದನ್ನೂ ತೋರಿಸುತ್ತೇನೆ" ಅಂದ. ಚಿಕ್ಕಪ್ಪನ ಇಡೀ ಮೆಸೇಜು ಸರಿಯಿದ್ದ ಮೊದಲ ಸಲ ಅದು. ಅಕ್ಕನನ್ನು ಹೆದರಿಸಲು ಅಂತ ತಂದದ್ದು ನೋಡುವ ಜಾಗಗಳ ಪಟ್ಟಿಗೆ ಸೇರಿಕೊಂಡಿತು.

ದೊಡ್ಡಪ್ಪ: ಟ್ರಾಮಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಪುಕ್ಕಟೆ ಪ್ರಯಾಣ ಮನುಷ್ಯನನ್ನು ಸೋಮಾರಿ ಮಾಡುತ್ತದೆ.

ಪ್ರಸನ್ನ: ಊರಿನ ನಡುಭಾಗದಲ್ಲಿ ಮಾತ್ರ ಫ್ರೀ ದೊಡ್ಡ ಮಾವ. ಆ ಗಡಿ ದಾಟಿದರೆ ಮೈಕಿ ಅನ್ನುವ ಟಿಕೆಟ್ ಕಾರ್ಡು ಮುಟ್ಟಿಸಬೇಕು. ಸೇಂಟ್ ಕಿಲ್ಡಾ ಬೀಚಿಗೆ ಹೋಗಲು ಬೇಕೇ ಬೇಕು. ಮೆಸೇಜು ನಂಬಿ ಕೂತರೆ ದಂಡ ಗ್ಯಾರಂಟಿ. ಪೆಂಗ್ವಿನ್ನಿಗೆ ಜೈಲಿಲ್ಲ, ಆದರೆ ಅವು ದಡ ಹತ್ತುವಾಗ ಫೋಟೋ ತೆಗೆಯಲು ಬಿಡುವುದಿಲ್ಲ, ಫೋನಿನಲ್ಲೂ. ಬೆಳಕಿಗೆ ಅವು ಹೆದರುತ್ತವೆ. ಒಂದಡಿ ಎತ್ತರ ಅಷ್ಟೇ. ಕತ್ತಲಾದ ಮೇಲೆ ಗುಂಪು ಗುಂಪಾಗಿ ಬರುತ್ತವೆ. ಎಲ್ಲಕ್ಕಿಂತ ಮುಂದಿರುವ ಪೆಂಗ್ವಿನ್ನಿಗೆ ಧೈರ್ಯ ಸಾಲದೆ ಎರಡು ಸಲ ನೀರಿಗೆ ವಾಪಸ್ ಓಡಿ, ಮೂರನೇ ಸಲಕ್ಕೆ ಎಲ್ಲ ಒಟ್ಟಿಗೆ ದಾಟುವುದೂ ಉಂಟು. ಫಿಲಿಪ್ ದ್ವೀಪ ಅಂತ, ಬಂಡೆಗಳ ದಿಕ್ಕಿಗೆ ಪೂರ್ತಿ ವಿರುದ್ಧ. ಒಂದು ಕಾಲದಲ್ಲಿ ಅವುಗಳ ಬಿಲದ ಜಾಗದಲ್ಲೇ ಮನೆ ಕಟ್ಟಿದ್ದರು. 1985ರಲ್ಲಿ ಸರ್ಕಾರ ಆ ಬಡಾವಣೆಯನ್ನೇ ಕೊಂಡು ತೆರವು ಮಾಡುವ ತೀರ್ಮಾನ ಮಾಡಿತು, ಮುಗಿಯಲು 2010 ಆಯಿತು.

ದೊಡ್ಡಪ್ಪನಿಗೆ ಇದು ತುಂಬ ಹಿಡಿಸಿತು. ಹಕ್ಕಿಗೆ ಮನೆ ಬಿಟ್ಟುಕೊಟ್ಟ ಜನರ ಬಗ್ಗೆ ಒಂದು ಉದ್ದದ ಮೆಸೇಜು ಬರೆದರು. ನಾನು ಅದನ್ನು ಪೂರ್ತಿ ಓದಲಿಲ್ಲ. ಗುಂಪಿನಲ್ಲಿ ಯಾರೂ ಓದಿರಲಾರರು. ಯಾಕೆಂದರೆ ಅದರ ನಡುವೆ ಜಮೀನು ಪಾಲಿನ ಬಗ್ಗೆ ಒಂದು ಸಾಲು ಇತ್ತು ಅಂತ ಆಮೇಲೆ ಅಮ್ಮ ಹೇಳಿದಳು. ಓದಿದ್ದರೆ ಇನ್ನೊಂದು ರಾತ್ರಿ ಕಳೆಯುತ್ತಿತ್ತು.

ಅತ್ತೆಗೆ ಬೇಕಿದ್ದದ್ದು ಎರಡೇ ಉತ್ತರ. "ನಿಮ್ಮಪ್ಪನಿಗೆ ಮಂಡಿ ನೋವು. ಮೆಟ್ಟಿಲು ಎಷ್ಟು? ಹಸಿ ಕರಿಬೇವು ತರಬಹುದಾ?"

ಪ್ರಸನ್ನ: ಮೇಲಿನಿಂದ ನೋಡಲು ದಾರಿ ಚೆನ್ನಾಗಿದೆ. ಪಕ್ಕದಲ್ಲಿ ಕೆಳಗೆ ಮರಳಿಗೆ ಇಳಿಯುವುದಾದರೆ 86 ಮೆಟ್ಟಿಲು, ಅಪ್ಪ ಮೇಲೇ ಕೂರಲಿ. ಒಂದೇ ದಿನ ಹೋಗಿ ಬರುವುದು ಬೇಡ, ಅಪೊಲೊ ಬೇಯಲ್ಲಿ ರಾತ್ರಿ ಉಳಿಯೋಣ. ನೀರಿಗೆ ಇಳಿಯುವುದಾದರೆ ಜೀವರಕ್ಷಕರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಕರಿಬೇವು ಖಂಡಿತ ಬೇಡ. ಉಪ್ಪಿನಕಾಯಿ, ಪುಡಿ ಏನೇ ತಂದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ 'ಹೌದು' ಅಂತ ಗುರುತು ಹಾಕಿ, ತೋರಿಸಿ. ಮುಚ್ಚಿಡಬೇಡಿ.

ಚಿಕ್ಕಪ್ಪ: ಕರಿಬೇವು ಇಲ್ಲದ ಊರಿಗೆ ಯಾಕೆ ಹೋಗಬೇಕು?

ಪ್ರಸನ್ನ: ಇಲ್ಲಿ ಸಿಗುತ್ತದೆ ಮಾವ. ನಮ್ಮ ಹಿತ್ತಿಲಲ್ಲೇ ಗಿಡ ಇದೆ.

ಗಿರಿ: ಆ ಚಳಿಗೆ ಬದುಕುತ್ತಾ? ಫೋಟೋ ಹಾಕು.

ಅಲ್ಲಿಗೆ ಅಮ್ಮನ ತಾಳ್ಮೆ ಮುಗಿಯಿತು. ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಬೀಗ ಹಾಕಿ, 'ಶುಭ ರಾತ್ರಿ' ಅಂತ ಗುಲಾಬಿ ಹೂವಿನ ಚಿತ್ರ ಹಾಕಿದಳು, ಬೆಳಗ್ಗೆ ಹನ್ನೊಂದಕ್ಕೆ. ಸಂಜೆಯೊಳಗೆ ಚಿಕ್ಕಪ್ಪ 'ಅಂಗಳ 2' ಶುರು ಮಾಡಿದರು. ಅತ್ತೆಯ ಬ್ಯಾಗಿಗೆ 23 ಕಿಲೋ ಬಿಡುತ್ತಾರೋ 30 ಕಿಲೋ ಬಿಡುತ್ತಾರೋ ಅನ್ನುವ ಜಗಳ ಈಗ ಅಲ್ಲಿ ನಡೆದಿದೆ. ಅದಕ್ಕೆ ಗಿರಿಯನ್ನು ಸೇರಿಸಿಲ್ಲ.