ಬಿಪಿ ಮಾತ್ರೆಯ ‘ತಲೆಸುತ್ತು’: ಯಾವ ಪದ ಸರಿ?

ನರ್ಸಿಂಗ್ ವಿದ್ಯಾರ್ಥಿಗಳಿಗೆ ಬಿಪಿ ಮಾತ್ರೆಗಳ ಅಡ್ಡಪರಿಣಾಮಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ತಲೆಸುತ್ತು’ ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ.

ಮಲಗಿದ್ದವರು ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಅಂಕ ಇಳಿದರೆ ಎಚ್ಚರ ವಹಿಸಬೇಕು. ಪ್ರಾಜೋಸಿನ್ ಎಂಬ ಬಿಪಿ ಮಾತ್ರೆಯ ಮೊದಲ ಡೋಸಿಗೇ ಕೆಲವರು ಹೀಗಾಗಿ ಬಿದ್ದುಬಿಡುವುದುಂಟು; ಅದಕ್ಕೇ ಅದನ್ನು ರಾತ್ರಿ ಮಲಗುವಾಗ ಕೊಡುವುದು. ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲೂ ಈ ಭಯ ಇದ್ದದ್ದೇ. ಎದ್ದಾಗ ಬಿಪಿ ಹೀಗೆ ಇಳಿಯುವುದನ್ನು ‘ಭಂಗಿಜನ್ಯ ಅಲ್ಪರಕ್ತದೊತ್ತಡ’ ಎಂದು ಬರೆದರೆ ಪರೀಕ್ಷೆಗೇನೋ ಆದೀತು, ರೋಗಿಯ ಹಾಸಿಗೆಯ ಪಕ್ಕದಲ್ಲಿ ಅದು ನಡೆಯುವುದಿಲ್ಲ. ರೋಗಿ ಹೇಳುವುದು ‘ತಲೆ ಸುತ್ತುತ್ತೆ’ ಎಂದಷ್ಟೇ. ಒಳಗಿವಿಯ ತೊಂದರೆಯಿಂದ ಕೋಣೆಯೇ ಗಿರ್ರನೆ ತಿರುಗಿದಂತಾದರೂ ಅದೇ ಮಾತು! ಮೊದಲನೆಯದಕ್ಕೆ ರೋಗಿಯನ್ನು ಮಲಗಿಸಿ, ನಿಲ್ಲಿಸಿ ಬಿಪಿ ನೋಡಬೇಕು. ಇನ್ನೊಂದರ ದಾರಿಯೇ ಬೇರೆ.

ಹಾಗಾಗಿ ತಿರುಗುವ ಅನುಭವಕ್ಕೆ ಮಾತ್ರ ‘ತಲೆಸುತ್ತು’, ಎದ್ದಾಗ ಆಗುವುದಕ್ಕೆ ‘ಕಣ್ಣು ಕತ್ತಲೆ ಬರುವುದು’ ಎಂದು ಬೇರ್ಪಡಿಸಿದ್ದೇನೆ. ‘ಬವಳಿ’ ಇನ್ನೂ ಚಿಕ್ಕದು, ಚೊಕ್ಕದು. ಆದರೆ ಪ್ರಜ್ಞೆ ತಪ್ಪಿ ಬೀಳುವುದಕ್ಕೂ ಅದನ್ನೇ ಹೇಳುವವರಿದ್ದಾರಲ್ಲ?

ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದ ಕಾಲು ಊದುವ ವಿಷಯದಲ್ಲೂ ಇಂಥದೇ ತೊಡಕು. ‘ಕಾಲಿಗೆ ನೀರು ಬಂದಿದೆ’ ಎಂದು ಬರೆದರೆ ವಿದ್ಯಾರ್ಥಿಯ ಮನಸ್ಸು ನೇರ ಮೂತ್ರದ ಮಾತ್ರೆಯತ್ತ ಓಡುತ್ತದೆ. ಇಲ್ಲಿ ಮೈಯಲ್ಲಿ ಉಪ್ಪು, ನೀರು ಹೆಚ್ಚಾಗಿ ನಿಂತಿರುವುದಿಲ್ಲ. ಸಣ್ಣ ಅಪಧಮನಿಗಳು ಹಿಗ್ಗಿದಷ್ಟು ಅಭಿಧಮನಿಗಳು ಹಿಗ್ಗದೆ, ಲೋಮನಾಳಗಳಲ್ಲಿ ಒತ್ತಡ ಏರಿ ದ್ರವ ಹೊರಗೆ ಜಿನುಗುತ್ತದೆ. ಮೂತ್ರದ ಮಾತ್ರೆ ಕೊಟ್ಟರೂ ಹೆಚ್ಚು ಪ್ರಯೋಜನವಿಲ್ಲ. ‘ಪಾದದ ಊತ’ ಎಂದರೆ ಸಾಕೆಂದು ನನಗೆ ತೋರುತ್ತದೆ. ಕಾರಣವನ್ನು ಪದದೊಳಗೇ ತುರುಕುವುದು ಬೇಡ. ಎನಲಾಪ್ರಿಲ್ ಎಂಬ ಇನ್ನೊಂದು ಬಿಪಿ ಮಾತ್ರೆಯ ಒಣಕೆಮ್ಮಿಗೆ ಈ ರಗಳೆಯೇ ಇಲ್ಲ.

ಇನ್ನು ‘ಅಡ್ಡಪರಿಣಾಮ’, ‘ದುಷ್ಪರಿಣಾಮ’ ಎರಡನ್ನೂ ಒಂದೇ ಎಂಬಂತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಮಿನಾಕ್ಸಿಡಿಲ್ ಮೊದಲು ಬಂದದ್ದು ಬಿಪಿ ಮಾತ್ರೆಯಾಗಿ. ಅದರಿಂದ ಕೂದಲು ಬೆಳೆದದ್ದು ಅಡ್ಡಪರಿಣಾಮ. ಆಮೇಲೆ ಅದೇ ಬಕ್ಕತಲೆಗೆ ಔಷಧಿಯಾಯಿತು. ಎನಲಾಪ್ರಿಲ್‌ನಿಂದ ಅಪರೂಪಕ್ಕೆ ತುಟಿ, ನಾಲಿಗೆ ಊದಿ ಉಸಿರು ಕಟ್ಟುತ್ತದೆ. ಅದನ್ನು ದುಷ್ಪರಿಣಾಮ ಎಂದೇ ಹೇಳಬೇಕು.

ನಿಮ್ಮ ಕಡೆ ‘ಬವಳಿ’ ಎಂದರೆ ಕಣ್ಣು ಕತ್ತಲಾಗುವುದೋ, ಪೂರ್ತಿ ಎಚ್ಚರ ತಪ್ಪುವುದೋ? ‘ಜೋಲಿ ಹೊಡೆಯುವುದು’ ಎಂಬುದನ್ನು ಈ ಅರ್ಥದಲ್ಲಿ ಬಳಸುವವರಿದ್ದರೆ ಅದನ್ನೂ ತಿಳಿಸಿ.